ಟಾಕಕ ಗುಡ್ಡದ ತಿರುವುಗಳು

ಎಡಗೈ ಸ್ಟೀರಿಂಗಿನ ಮೇಲಿದೆ, ಬಲಗೈಯೂ ಇದೆ, ಈಗ ಎಡಗೈ ಹಣೆಯ ಕೂದಲು ಸರಿಸಿತು, ಮತ್ತೆ ಕೆಳಗೆ ಬಂತು, ಸರಿ, ಎರಡೂ ಕೈ ಜಾಗದಲ್ಲಿವೆ, ಬೆರಳು ಅಲುಗುತ್ತಿಲ್ಲ — ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂತ ನಿಶಾಳಿಗೆ ತಾರಾಳ ಕೈ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಕಿಟಕಿಯಾಚೆ ಟಾಕಕ ಗುಡ್ಡ ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ತಿರುವು ತೆಗೆದು ಮೇಲೇರುತ್ತಿತ್ತು, ಕೆಳಗೆ ಕಣಿವೆಯ ಹುಲ್ಲುಗಾವಲು, ಎಳ್ಳು ಚೆಲ್ಲಿದಂತೆ ದನಗಳು, ಏನ್ ವ್ಯೂ ಕಣ್ರೋ ಇದು, ಎಂದು ಮುಂದಿನ ಸೀಟಿನ ಗುರುದತ್ ಫೋನನ್ನು ಗಾಜಿಗೆ ಒತ್ತಿ ಹಿಡಿದಿದ್ದ, ತಾರಾ ಸ್ವಲ್ಪ ಸ್ಲೋ ಮಾಡು, ವಿಡಿಯೋ ಶೇಕ್ ಆಗ್ತಿದೆ, ತಾರಾ ನಕ್ಕಳು, ಸ್ಲೋ ಮಾಡಿದ್ರ ಹಿಂದಿನಾವ ಹಾರ್ನ್ ಹೊಡೀತಾನಪಾ, ನೀನs ನೋಡಕೋ ಅಂದಳು, ನಗುವಾಗ ತಲೆ ಹಿಂದಕ್ಕೆ ಹೋಯಿತು, ಹೋದ ತಲೆ ಮರಳಿ ಮುಂದೆ ಬರುವವರೆಗೆ ನಿಶಾ ಉಸಿರು ಬಿಡಲಿಲ್ಲ. ಪಕ್ಕದಲ್ಲಿ ರಯ್ಯಾನ್ ತೂಕಡಿಸುತ್ತಿದ್ದ, ಇಲ್ಲ, ಕಣ್ಣು ಮುಚ್ಚಿಕೊಂಡಿದ್ದ ಅಷ್ಟೆ, ನಾಲ್ಕು ಜನ, ನಾಲ್ಕೂ ಜನ ಆಕ್ಲೆಂಡಿನ ಒಂದೇ ಕಾಲೇಜಿನ ಕಾರಿಡಾರಿನಲ್ಲಿ ಕನ್ನಡ ಕೇಳಿ ಪರಿಚಯವಾದವರು, ಗುರುದತ್ ಬೆಂಗಳೂರಿನವನು, ರಯ್ಯಾನ್ ದಾವಣಗೆರೆಯವನು, ನಿಶಾ ಮೈಸೂರು, ಹುಬ್ಬಳ್ಳಿಯ ತಾರಾ ಎಲ್ಲರಿಗಿಂತ ದೊಡ್ಡವಳು, ಓದು ಮುಗಿಸಿ ಕೆಲಸಕ್ಕೆ ಸೇರಿದವಳು, ಮೌಂಟ್ ಆಲ್ಬರ್ಟಿನ ಫ್ಲ್ಯಾಟಿನಲ್ಲಿ ಅವಳದೂ ನಿಶಾಳದೂ ಎದುರುಬದುರು ಕೋಣೆ, ವರ್ಷವಿಡೀ ಅಸೈನ್‌ಮೆಂಟು ಅಸೈನ್‌ಮೆಂಟು ಅಂತ ಸಾಯೋದೇ ಆಯ್ತು, ಒಂದ್ ವೀಕೆಂಡಾದ್ರೂ ಊರು ನೋಡೋಣ ಎಂದು ಗುರುದತ್ ಅಗ್ಗದ ವಿಮಾನ ಟಿಕೆಟ್ ಹುಡುಕಿದ, ದಕ್ಷಿಣ ದ್ವೀಪದ ನೆಲ್ಸನ್ ಊರಿಗೆ, ಶುಕ್ರವಾರ ಸಂಜೆ ಹೋಗಿ ಭಾನುವಾರ ಸಂಜೆ ವಾಪಸ್, ಕಾರು ಬಾಡಿಗೆಗೆ, ಓಡಿಸುವವರು ಯಾರು ಅಂದರೆ ಗುರುದತ್‌ನದು ಇನ್ನೂ ಲರ್ನರ್, ರಯ್ಯಾನ್‌ನ ಇಂಡಿಯಾ ಲೈಸೆನ್ಸಿಗೆ ಇಲ್ಲಿ ಒಂದು ವರ್ಷ ಮಾತ್ರ ಬೆಲೆ, ಅದು ಆಗಸ್ಟಿಗೇ ಮುಗಿಯಿತು, ನಿಶಾಳಿಗೆ ಸ್ಕೂಟಿಯೂ ಬರುವುದಿಲ್ಲ, ಉಳಿದವಳು ತಾರಾ, ನಾ ಓಡಸ್ತೀನಿ ತಗೋರಿ, ದಿನಾ ಅದನ್ನs ಮಾಡ್ತೀನಲ್ಲ, ಎಂದು ಅಡುಗೆಮನೆಯಲ್ಲಿ ನಿಂತು ಅವಳು ಹೇಳಿದಾಗ ನಿಶಾ ಮುಖ ಎತ್ತಿದಳು, ತಾರಾ ಅವಳ ಕಡೆ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ.

ನೋಡಿದ್ದರೆ ಏನು ಹೇಳುತ್ತಿದ್ದೆ, ಏನೂ ಹೇಳುತ್ತಿರಲಿಲ್ಲ, ಅಲ್ಲಿ ಬಸ್ಸಿನಲ್ಲೇ ಓಡಾಡೋಣ ಅಂತ ಹೇಳಿದ್ದೆನಲ್ಲ, ಹೇಳಿದ್ದೆ, ಗುರುದತ್ ನಕ್ಕ, ಇವಳಿಗೆ ಲಿಫ್ಟ್ ಹತ್ತೋದಕ್ಕೂ ಭಯ ಕಣ್ರೋ ಅಂದ, ಅದು ನಿಜ, ಲಿಫ್ಟು, ನಾಯಿ, ವಿಮಾನ ಇಳಿಯುವ ಹೊತ್ತು, ನೆಲ್ಸನ್ನಿನ ಚರ್ಚಿನ ಎತ್ತರದ ಮೆಟ್ಟಿಲು, ಎಲ್ಲಕ್ಕೂ ಭಯಪಡುವವಳ ಭಯಕ್ಕೆ ಯಾರು ಬೆಲೆ ಕೊಡುತ್ತಾರೆ, ಮೂರು ವಾರದ ಹಿಂದಿನ ಶನಿವಾರ, ಬೆಳಿಗ್ಗೆ ಹತ್ತು ಗಂಟೆ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಾಗ ತಾರಾ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಳು, ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲ, ಒಲಿ ಮ್ಯಾಲೆ ಏನರ ಇಟ್ಟೀಯೇನು, ಇಲ್ಲ ತಾರಕ್ಕ, ಒಲೆ ಹಚ್ಚೇ ಇಲ್ಲ, ಹೌದೇನು, ರಬ್ಬರ್ ಸುಟ್ಟಂಗ ಐತಿ ನೋಡು, ಎಂದು ಮೂಗು ಅರಳಿಸಿ ಒಂದು ನಿಮಿಷ ಗಾಳಿ ಮೂಸಿ ಬಚ್ಚಲಿಗೆ ಹೋದಳು, ಆಮೇಲೆ ಸದ್ದು, ಬಕೆಟ್ ಬಿದ್ದ ಸದ್ದಲ್ಲ, ದಡ್ ಎಂದು ಒಂದು, ಆಮೇಲೆ ದಡದಡದಡ ಎಂದು ನಿಲ್ಲದೆ, ಬಾಗಿಲ ಚಿಲಕ ಹಾಕಿರಲಿಲ್ಲ ಪುಣ್ಯಕ್ಕೆ, ತಾರಾ ನೆಲದ ಮೇಲೆ, ಹಿಮ್ಮಡಿ ಬಾತ್‌ಟಬ್ಬಿನ ಬದಿಗೆ ಬಡಿಯುತ್ತಿದೆ, ಬಾಯಂಚಿನಲ್ಲಿ ಕೆಂಪು ನೊರೆ, ಕಣ್ಣಿನ ಬಿಳಿ ಮಾತ್ರ, ಮತ್ತು ನಿಶಾ, ಕೈಯಲ್ಲಿ ಈರುಳ್ಳಿಯ ಚಾಕು ಹಿಡಿದ ನಿಶಾ, ಬಾಗಿಲಲ್ಲಿ ನಿಂತೇ ಇದ್ದಳು, ಮುಟ್ಟಲಿಲ್ಲ, ಕೂಗಲಿಲ್ಲ, ಫೋನು ಪಕ್ಕದಲ್ಲೇ ಇತ್ತು, ಆಂಬುಲೆನ್ಸಿಗೆ ಒಂದು ಒಂದು ಒಂದು ಒತ್ತಬೇಕಿತ್ತು, ಮಗು ಕೂಡ ಒತ್ತುತ್ತದೆ, ಒತ್ತಲಿಲ್ಲ, ಎಲ್ಲ ತಾನಾಗಿ ನಿಂತ ಮೇಲೆ ಅಲ್ಲೇ ಕೂತಳು, ತಾರಾ ಎಚ್ಚರಾಗಿ ಮೊದಲು ಮಾಡಿದ್ದು ಟವೆಲ್ ಎಳೆದುಕೊಂಡಿದ್ದು, ಎರಡನೆಯದು ನಿಶಾಳ ಮಣಿಕಟ್ಟು ಹಿಡಿದಿದ್ದು, ಯಾರಿಗೂ ಹೇಳಬ್ಯಾಡ, ನನ್ನಾಣಿ ಐತಿ, ನಾಲಿಗೆ ಕಚ್ಚಿಕೊಂಡಿದ್ದರಿಂದ ಮಾತು ದಪ್ಪವಾಗಿತ್ತು, ಸಣ್ಣಾಕಿ ಇದ್ದಾಗ ಬರತಿತ್ತು, ಗುಳಿಗಿ ತಗೊಂಡು ಬಿಟ್ಟು ಏಳು ವರ್ಷ ಆತು, ನಿದ್ದಿ ಕಮ್ಮಿ ಆಗೈತಿ ಅದಕ್ಕ, ಇಷ್ಟs, ಡಾಕ್ಟರಿಗೆ ತೋರಿಸೋಣ ತಾರಕ್ಕ, ತೋರಿಸಿದ್ರ ಒಂದು ವರ್ಷ ಗಾಡಿ ಮುಟ್ಟಬ್ಯಾಡ ಅಂತಾರ, ಗಾಡಿ ಇಲ್ಲಂದ್ರ ನನಗ ಕೆಲಸ ಇಲ್ಲ, ಕೆಲಸ ಇಲ್ಲಂದ್ರ ವೀಸಾ ಎಲ್ಲೈತಿ, ಗೊತ್ತೈತಿಲ್ಲೋ ನಿನಗ.

ಗೊತ್ತಿತ್ತು, ತಾರಾ ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವವಳು, ಬೆಳಿಗ್ಗೆ ಏಳಕ್ಕೆ ಒನೆಹುಂಗಾದಲ್ಲಿ ಒಂದು ಅಜ್ಜಿ, ಅಲ್ಲಿಂದ ಇನ್ನೊಂದು ಮನೆ, ಸ್ನಾನ ಮಾಡಿಸುವುದು, ಕಾಲುಚೀಲ ಹಾಕುವುದು, ಆಕಿ ನಾ ಹೋಗೂತನಕ ಕಿಟಕ್ಯಾಗ ಕುಂತಿರತಾಳ ನಿಶಾ, ಬ್ಯಾರೆ ಯಾರರ ಹ್ವಾದ್ರ ಮೈ ಮುಟ್ಟಗೊಡಂಗಿಲ್ಲ — ಇದನ್ನು ಹೇಳುವಾಗ ಮಾತ್ರ ತಾರಾಳ ಕಣ್ಣು ತುಂಬಿತ್ತು, ಅದಕ್ಕೇ ನಿಶಾ ಆಯ್ತು ಅಂದಳು, ಇಲ್ಲ, ಸುಳ್ಳು, ಅಜ್ಜಿಗಾಗಿ ಅಲ್ಲ, ಬಚ್ಚಲ ಬಾಗಿಲಲ್ಲಿ ಕಲ್ಲಿನಂತೆ ನಿಂತಿದ್ದ ತನ್ನ ವಿಷಯ ಯಾರಿಗೂ ಗೊತ್ತಾಗದಿರಲಿ ಎಂದು ಆಯ್ತು ಅಂದದ್ದು. ಮೂರು ವಾರ, ಪ್ರತಿ ದಿನ ಬೆಳಿಗ್ಗೆ ಹಾಸಿಗೆಯಲ್ಲೇ ಮಲಗಿ ತಾರಾಳ ಕಾರು ಗೇಟು ದಾಟುವ ಸದ್ದು ಕೇಳಿಸಿಕೊಂಡದ್ದು, ಆಮೇಲೆ ಸೈರನ್ ಎಲ್ಲಾದರೂ ಕೂಗಿದರೆ ಎದ್ದು ಕೂತದ್ದು, ಏನೂ ಆಗಲಿಲ್ಲ, ಮೂರು ವಾರ ಏನೂ ಆಗಲಿಲ್ಲ, ಏನೂ ಆಗದ ಪ್ರತಿ ದಿನವೂ ತಾರಾ ಸರಿ, ನೀನು ಪುಕ್ಕಲಿ ಎಂದು ಹೇಳುತ್ತ ಹೋಯಿತು. ಇವತ್ತು ಬೆಳಿಗ್ಗೆ ಇದೇ ಗುಡ್ಡ ಹತ್ತಿ ಇಳಿದಾಗಲೂ ಏನೂ ಆಗಲಿಲ್ಲ, ತಿರುವು ಎಣಿಸಲು ಹೋಗಿ ಎಪ್ಪತ್ತರ ಮೇಲೆ ಲೆಕ್ಕ ತಪ್ಪಿತು, ಆಚೆ ಬದಿಯ ಊರಿನಲ್ಲಿ ಕಾಫಿ ಕುಡಿದು ಪುಪು ಬುಗ್ಗೆ ನೋಡಲು ಹೋದರು, ನೆಲದಡಿಯಿಂದ ನೀರು ಉಕ್ಕಿ ಬರುತ್ತದೆ, ಆಳ ಎಷ್ಟಿದ್ದರೂ ತಳದ ಪಾಚಿಯ ಎಳೆಯೆಳೆ ಕಾಣುತ್ತದೆ, ಮುಟ್ಟಬೇಡಿ, ಇದು ಪವಿತ್ರ ಎಂದು ಇಲ್ಲಿನ ಮೂಲನಿವಾಸಿ ಮಾವೋರಿಗಳು ಬೋರ್ಡು ಹಾಕಿದ್ದಾರೆ, ತಾರಾ ಕಟಕಟೆಗೆ ಒರಗಿ ಬಗ್ಗಿದಾಗ ನಿಶಾಳ ಕೈ ತಾನಾಗಿ ಹೋಗಿ ಅವಳ ಬೆನ್ನಿನ ಬಟ್ಟೆ ಹಿಡಿಯಿತು, ಗುರುದತ್ ಫೋಟೋ ತೆಗೆದ, ಅಮ್ಮನ ಸೆರಗು ಹಿಡ್ಕೊಂಡ ಪಾಪು ಅಂದ, ತಾರಾ ನಗುತ್ತಲೇ, ತುಟಿ ಅಲುಗಿಸದೆ, ಬಿಡ ನಿಶಾ, ಮಂದಿ ನೋಡಾಕತ್ತಾರ, ನೀ ಹಿಂಗ ಕಾಯಕೋತ ಕುಂತ್ರ ಬರದಿದ್ದೂ ಬರತೈತಿ ನನಗ, ಅಂದಳು, ನಿಶಾ ಕೈ ಬಿಟ್ಟಳು, ಬರದಿದ್ದೂ ಬರುತ್ತದೆಯೇ, ತಾನು ನೋಡುವುದರಿಂದ ಬರುತ್ತದೆಯೇ, ಹಾಗಾದರೆ ಈಗ ನೋಡಬಾರದು, ಕಿಟಕಿಯಾಚೆ ನೋಡಬೇಕು, ಕಿಟಕಿಯಾಚೆ ಏನೂ ಇಲ್ಲ, ಬಿಳಿಗೆರೆ, ತಗ್ಗು ತಡೆಗೋಡೆ, ಅದರಾಚೆ ಗಾಳಿ.

ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲ.

ಯಾರು ಹೇಳಿದರು, ತಾರಾ ಹೇಳಿದಳು, ಈಗ, ಮುಂದಿನ ಸೀಟಿನಿಂದ, ಅದೇ ದನಿಯಲ್ಲಿ, ಮೂಗು ಅರಳಿಸಿ, ಬ್ರೇಕ್ ಇರಬೇಕು ಬಿಡು, ಹಳೇ ಗಾಡಿ ಅಲ್ವಾ, ಎಂದ ಗುರುದತ್, ಬ್ರೇಕ್ ಅಲ್ಲ, ನಾವು ಹತ್ತುತ್ತಿದ್ದೇವೆ, ಅರ್ಧ ಗಂಟೆಯಿಂದ ಹತ್ತುತ್ತಲೇ ಇದ್ದೇವೆ, ಹತ್ತುವಾಗ ಯಾರು ಬ್ರೇಕ್ ಒತ್ತುತ್ತಾರೆ, ನಿಶಾ ಗಾಳಿ ಎಳೆದುಕೊಂಡಳು, ಗುರುದತ್‌ನ ಚಿಪ್ಸಿನ ವಾಸನೆ, ಒದ್ದೆ ಶೂಗಳ ವಾಸನೆ, ಸುಟ್ಟದ್ದೇನೂ ಇಲ್ಲ, ಇನ್ನೊಮ್ಮೆ ಎಳೆದುಕೊಂಡಳು, ಇಲ್ಲ, ರಯ್ಯಾನ್ ಕಣ್ಣು ತೆರೆದು ನನಗೇನೂ ಬರ್ತಿಲ್ಲಪ್ಪ ಅಂದ, ಕನ್ನಡಿಯಲ್ಲಿ ತಾರಾಳ ಕಣ್ಣು ಒಂದು ಕ್ಷಣ ನಿಶಾಳ ಕಣ್ಣನ್ನು ಹಿಡಿಯಿತು, ಅವಳಿಗೆ ಗೊತ್ತು, ಅವಳಿಗೆ ಗೊತ್ತು ಅದು ಏನೆಂದು, ಗೊತ್ತಿದ್ದೂ ಕಾರು ನಿಲ್ಲಿಸುತ್ತಿಲ್ಲ, ನಿಲ್ಲಿಸಲು ಜಾಗವೆಲ್ಲಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ, ಬಚ್ಚಲಲ್ಲಿ ಎಷ್ಟು ಹೊತ್ತಾಗಿತ್ತು, ವಾಸನೆಯಿಂದ ಸದ್ದಿನವರೆಗೆ, ಈರುಳ್ಳಿ ಒಂದು ಮುಗಿಸಿ ಎರಡನೆಯದು ತೆಗೆದುಕೊಂಡಿದ್ದೆ, ಐದು ನಿಮಿಷ, ನಾಲ್ಕು, ತಾರಕ್ಕ ನಿಲ್ಲಿಸು, ವಾಂತಿ ಬರ್ತಿದೆ, ಎಂದಳು, ಅಥವಾ ಎಂದುಕೊಂಡಳು, ಯಾರೂ ತಿರುಗಲಿಲ್ಲ, ಮತ್ತೆ ಹೇಳಿದಳು, ಈ ಸಲ ದನಿ ಬಂತು, ಇನ್ನೇನು ಮ್ಯಾಲ ಬಂದ್ವಿ, ಎರಡು ನಿಮಿಷ ತಡಕೋ ಅಂದಳು ತಾರಾ, ಎರಡು ನಿಮಿಷ, ನೂರಿಪ್ಪತ್ತು ಸೆಕೆಂಡು, ಎಡಗೈ ಮೇಲಿದೆ, ಬಲಗೈ ಮೇಲಿದೆ, ಗುಡ್ಡದ ನೆತ್ತಿ ಬಂತು, ಹುಲ್ಲಿನ ನಡುವೆ ಬೂದು ಕಲ್ಲುಗಳು ಹಲ್ಲು ಕಿರಿದಂತೆ ಎದ್ದಿವೆ, ಕುರಿಗಳು, ಆಚೆ ಬದಿಯ ಇಳಿಜಾರು ಶುರುವಾಯಿತು, ಇಳಿಜಾರಿನಲ್ಲಿ ಆದರೆ ಇನ್ನೂ ಕಷ್ಟ, ಪಾದ ಬಿಗಿದು ಒತ್ತಿದರೆ ಯಾವ ಪೆಡಲ್ಲು ಒತ್ತುತ್ತದೆ, ದಡದಡದಡ, ತಿರುವು, ಇನ್ನೊಂದು ತಿರುವು, ಆಮೇಲೆ ಎದುರಿಗೆ ಕಾರುಗಳ ಸಾಲು, ಕೆಂಪು ದೀಪದ ಹಿಂಬದಿಗಳು, ನಿಂತ ಸಾಲು.

ಫೆಬ್ರವರಿಯ ಬಿರುಮಳೆಗೆ ಗುಡ್ಡ ಕುಸಿದು ಎಂಟು ತಿಂಗಳಾದರೂ ಈ ಬದಿಯ ರಸ್ತೆ ಕೆಲವು ಕಡೆ ಒಂದೇ ಗಾಡಿಯ ಅಗಲ, ಕಿತ್ತಳೆ ಕೋಟಿನ ಹೆಂಗಸೊಬ್ಬಳು ಸ್ಟಾಪ್ ಎಂದು ಬರೆದ ಫಲಕದ ಕೋಲು ಹಿಡಿದು ನಿಂತಿದ್ದಳು, ಬಂದು ಕಿಟಕಿಗೆ ಬಗ್ಗಿ, ಟೆನ್ ಮಿನಿಟ್ಸ್, ಲವ್, ಎಂದು, ಎಂಜಿನ್ ಆಫ್ ಮಾಡಿದ್ರೂ ನಡೀತದೆ ಎಂಬಂತೆ ಬೆರಳು ತಿರುಗಿಸಿ ತೋರಿಸಿ ಹೋದಳು, ತಾರಾ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ನಿಲ್ಲಿಸಿದಳು, ಸದ್ದು ನಿಂತದ್ದೇ ತಡ ನಿಶಾ ಎರಡು ಸೀಟುಗಳ ನಡುವೆ ನುಗ್ಗಿ ಕೀಲಿ ಕಿತ್ತುಕೊಂಡಳು. ಯೋಚಿಸಿ ಮಾಡಿದ್ದಲ್ಲ, ಕೈ ಮಾಡಿತು, ಕೀಲಿಯ ಹಲ್ಲು ಅಂಗೈಗೆ ಚುಚ್ಚುತ್ತಿದೆ, ಇಳಿದು ಬಾಗಿಲು ಹಾಕಿ ಬಂಡೆಗೆ ಬೆನ್ನು ಕೊಟ್ಟು ನಿಂತಿದ್ದಾಳೆ, ಗಾಳಿ ಚಳಿ, ಏನಾಯ್ತೇ ನಿನಗೆ, ಎಂದು ಗುರುದತ್ ಇಳಿದ, ತಾರಾ ಇಳಿದಳು, ಕೊಡಿಲ್ಲಿ ಅಂದಳು ಮೆಲ್ಲಗೆ, ನಿಶಾ, ಕೀಲಿ ಕೊಡು, ಕೊಡಲ್ಲ ತಾರಕ್ಕ, ನೀನು ಓಡಿಸಬೇಡ, ಯಾಕೆ ಓಡಿಸಬಾರದು ಅಂದ ಗುರುದತ್, ಬೆಳಿಗ್ಗೆಯಿಂದ ಅವಳೇ ಓಡಿಸ್ತಿರೋದು, ನಿಶಾ, ಸೀನ್ ಮಾಡಬೇಡ, ಆರೂವರೆಗೆ ಫ್ಲೈಟ್ ಇದೆ, ತಾರಾ ನೋಡುತ್ತಿದ್ದಳು, ತಲೆಯನ್ನು ಅಷ್ಟೇ ಅಷ್ಟು ಅಡ್ಡಡ್ಡ ಆಡಿಸುತ್ತಿದ್ದಳು, ಬ್ಯಾಡ, ಬ್ಯಾಡ, ಹೇಳಿದರೆ ಈ ಕಣ್ಣು ಇನ್ನು ಯಾವತ್ತೂ ತನ್ನನ್ನು ಹೀಗೆ ನೋಡುವುದಿಲ್ಲ, ಅವಳಿಗೆ ಫಿಟ್ಸ್ ಬರುತ್ತೆ ಗುರು, ಮೂರು ವಾರದ ಹಿಂದೆ ಬಚ್ಚಲಲ್ಲಿ ಬಿದ್ದಿದ್ದಳು, ನಾನೇ ನೋಡಿದೆ, ಅವತ್ತೂ ಹೀಗೇ ಸುಟ್ಟ ವಾಸನೆ ಅಂದಿದ್ದಳು. ಹೇಳಿಯಾಯಿತು, ಅಷ್ಟೇ ಮಾತು, ಮೂರು ವಾರ ಗಂಟಲಲ್ಲಿದ್ದದ್ದು ಮೂರು ಉಸಿರಿನಲ್ಲಿ ಮುಗಿಯಿತು, ಗುರುದತ್ ತಾರಾಳನ್ನು ನೋಡಿದ, ಸುಳ್ಳು ಹೇಳಾಕತ್ತಾಳ ಅಂದಳು ತಾರಾ, ನೆಲ ಒದ್ದಿ ಇತ್ತು, ಕಾಲು ಜಾರಿ ಬಿದ್ದಿದ್ದೆ, ಹುಡುಗಿ ಹೆದರಿಕೊಂಡಾಳ, ಎಷ್ಟು ಸರಾಗವಾಗಿ ಹೇಳಿದಳು, ಗುರುದತ್‌ನ ಮುಖ ಸಡಿಲವಾಯಿತು, ಅದೇ ಅಂದ್ಕೊಂಡೆ, ನಿಶಾ ನೀನು ಎಲ್ಲದಕ್ಕೂ, ಎಂದು ಅವನು ಶುರು ಮಾಡಿದಾಗ ಕಾರಿನ ಆಚೆ ಬದಿಯಲ್ಲಿ ಇಳಿದು ನಿಂತಿದ್ದ ರಯ್ಯಾನ್, ತಾರಾ, ನಿನ್ನೆ ಮಾರ್ಕೆಟ್ಟಲ್ಲಿ ಕಾಫಿ ಚೆಲ್ಲಿದ್ದು ನಿನಗೆ ಗೊತ್ತಾಗಲೇ ಇಲ್ಲ ಅಲ್ವಾ, ಎಂದ, ಕಪ್ ವಾಲಿ ಬಿಸಿ ಕಾಫಿ ಕಾಲಿನ ಮೇಲೆ ಸುರೀತಿತ್ತು, ನೀನು ಚೆರ್ರಿ ಜಾಮ್ ಮಾರುವವಳ ಕಡೆ ನೋಡ್ತಾ ನಿಂತೇ ಇದ್ದೆ, ನಾನು ಎರಡು ಸಲ ಕರೆದೆ, ಮನೆ ನೆನಪಾಗಿರಬೇಕು ಅಂದ್ಕೊಂಡು ಸುಮ್ಮನಾದೆ.

ಹಾಗಾದರೆ ಅವನೂ ನೋಡಿದ್ದ, ನೋಡಿ ಸುಮ್ಮನಿದ್ದ, ಮೆಟ್ಟಿಲು ಹತ್ತಲು ಹೆದರಿ ತಾನು ಚರ್ಚಿನ ಕೆಳಗೆ ಗುರುದತ್ ಇಳಿದು ಬರುವುದನ್ನು ಕಾಯುತ್ತಿದ್ದ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಅದು ನಡೆದುಹೋಗಿತ್ತು, ಆಮೇಲೆ ಅದೇ ತಾರಾ ಬೀಚಿಗೆ ಓಡಿಸಿದಳು, ರೂಮಿಗೆ ಓಡಿಸಿದಳು, ತಾರಾ ತನ್ನ ಕಾಲನ್ನು ನೋಡಿಕೊಂಡಳು, ಪಾದದ ಮೇಲೆ ಕೆಂಪಗೆ ಸುಟ್ಟ ಗುರುತಿದ್ದಿರಬೇಕು, ಶೂನಿಂದ ಆಗಿದೆ ಅಂದುಕೊಂಡಿದ್ದಿರಬೇಕು, ಹಿಂದಿನ ಸೀಟಿನಿಂದ ಹಳದಿ ಮಳೆಕೋಟು ಎಳೆದು ಹಾಕಿಕೊಂಡಳು, ನೀರಿನ ಬಾಟಲಿ ತೆಗೆದುಕೊಂಡಳು, ಬಂದ ದಾರಿಯಲ್ಲೇ ಮೇಲಕ್ಕೆ ನಡೆಯತೊಡಗಿದಳು. ಎಲ್ಲಿಗೆ ಎಂದ ಗುರುದತ್, ಅವಳು ತಿರುಗಲಿಲ್ಲ, ಕಿತ್ತಳೆ ಕೋಟಿನ ಹೆಂಗಸು ದೂರದಿಂದ, ಯೂ ಆಲ್‌ರೈಟ್ ದೇರ್, ಎಂದು ಕೂಗಿದಳು, ರಯ್ಯಾನ್ ನಿಶಾಳ ಅಂಗೈಯಿಂದ ಕೀಲಿ ಬಿಡಿಸಿಕೊಂಡ, ನಾನು ಕಾರು ಬದಿಗೆ ಹಾಕ್ತೀನಿ, ಇಳಿಯೋವರೆಗೆ ನಾನೇ ಓಡಿಸ್ತೀನಿ, ಲೈಸೆನ್ಸ್ ಕೇಳಿದ್ರೆ ಕೇಳಲಿ, ನೀನು ಹೋಗು ಅವಳ ಹಿಂದೆ, ಎಂದ. ನಿಶಾ ನಡೆದಳು, ಓಡಿದಳು, ಮತ್ತೆ ನಡೆದಳು, ಮುಂದೆ ಐವತ್ತು ಹೆಜ್ಜೆ ದೂರದಲ್ಲಿ ಹಳದಿ ಕೋಟು, ತಿರುವಿನಲ್ಲಿ ಮಾಯವಾಯಿತು, ಖಾಲಿ ರಸ್ತೆ, ಓಡಿ ತಿರುವು ದಾಟಿದರೆ ಇದೆ, ನಡೆಯುತ್ತಿದೆ, ಬೆನ್ನು ನೆಟ್ಟಗಿದೆ, ಮತ್ತೆ ತಿರುವು, ಮತ್ತೆ ಖಾಲಿ, ಈಗ ಬಿದ್ದಿರುತ್ತಾಳೆ, ಈ ತಿರುವಿನಾಚೆ ಬಿದ್ದಿರುತ್ತಾಳೆ, ದಾಟಿದರೆ ಹಳದಿ ಕೋಟು ನಡೆಯುತ್ತಲೇ ಇದೆ, ಏನೂ ಆಗಿಲ್ಲ, ಹತ್ತು ನಿಮಿಷವಾಯಿತು, ಹದಿನೈದು, ವಾಸನೆ ಬಂದು ಇಪ್ಪತ್ತೈದು ನಿಮಿಷ, ಏನೂ ಆಗದಿದ್ದರೆ, ಇವತ್ತು ಏನೂ ಆಗದೇ ಹೋದರೆ, ಒಬ್ಬಳ ಕೆಲಸ, ವೀಸಾ, ಮರ್ಯಾದೆ ಎಲ್ಲ ಒಂದು ವಾಸನೆಯ ಮಾತಿಗೆ ಹಾಳು ಮಾಡಿದವಳಾಗುತ್ತೇನೆ, ಆಗಲಿ, ಬೀಳಲಿ, ಒಂದು ಸಲ ಬೀಳಲಿ, ಇಲ್ಲಿ ಹುಲ್ಲಿದೆ, ಪೆಟ್ಟಾಗುವುದಿಲ್ಲ — ಏನು ಅಂದುಕೊಂಡೆ, ಈಗ ಏನು ಅಂದುಕೊಂಡೆ, ನಿಶಾ ನಿಂತುಬಿಟ್ಟಳು, ಬೀಳಲಿ ಅಂದುಕೊಂಡೆ, ಲಿಫ್ಟಿಗೆ ಹೆದರಿದ್ದು, ನಾಯಿಗೆ ಹೆದರಿದ್ದು, ಈ ಗುಡ್ಡಕ್ಕೆ ಹೆದರಿದ್ದು ಯಾವುದೂ ಇದರ ಮುಂದೆ ಭಯವೇ ಅಲ್ಲ ಅನ್ನಿಸಿತು, ತನ್ನೊಳಗೆ ಇಂಥ ಮಾತಾಡುವವಳು ಒಬ್ಬಳಿದ್ದಾಳೆ, ಅವಳು ಬಚ್ಚಲ ಬಾಗಿಲಲ್ಲೂ ನಿಂತಿದ್ದಳೇನೋ.

ಹಳದಿ ಕೋಟು ನಿಂತಿತು, ತಿರುಗಿತು, ತಾರಾಳ ಮುಖ ಗಾಳಿಗೆ ಕೆಂಪಾಗಿತ್ತು, ನಾ ಬೀಳ್ತೀನೇನು ಅಂತ ನೋಡಾಕ ಬಂದೀಯೇನು, ಎಂದು ಕೇಳಿದಳು, ಸಿಟ್ಟಿನಿಂದ ಅಲ್ಲ, ಗಂಟೆ ಎಷ್ಟಾಯಿತು ಎಂದು ಕೇಳುವಂತೆ, ಇಲ್ಲ ಎನ್ನಬೇಕಿತ್ತು, ಇಲ್ಲ ತಾರಕ್ಕ ಎನ್ನುವುದು ಎಷ್ಟು ಸುಲಭದ ಮಾತು, ನಿಶಾಳಿಗೆ ಅದನ್ನು ಹೇಳಲಾಗಲಿಲ್ಲ, ತಾರಾ ಅಂದಳು, ವಾಪಸ್ ಬರತೀನಿ, ಇಲ್ಲಿ ಕುಂತು ಏನ್ ಮಾಡ್ಲಿ, ಆದ್ರ ನನ್ನ ಹಿಂದ ಬರಬ್ಯಾಡ, ಮೂರು ವಾರ ಆತು ನನ್ನ ಬೆನ್ನs ನೋಡಾಕತ್ತೀ, ನೀ ಮುಂದ ನಡಿ, ಹಿಂದ ತಿರುಗಬ್ಯಾಡ, ತಿರುಗಿದೆಂದ್ರ ನಾ ಬರೂದಿಲ್ಲ. ಸರಿ ಅಂದಳು ನಿಶಾ, ಅವಳನ್ನು ಬಳಸಿಕೊಂಡು ಮುಂದೆ ಹೋಗಿ ಇಳಿಜಾರಿನತ್ತ ನಡೆದಳು, ಬೆನ್ನ ಹಿಂದೆ ಹೆಜ್ಜೆ, ಜಲ್ಲಿಕಲ್ಲಿನ ಮೇಲೆ ಚರ್ ಚರ್, ಮಳೆಕೋಟಿನ ತೋಳು ತೋಳಿಗೆ ಉಜ್ಜುವ ಸದ್ದು, ಬರುತ್ತಿದ್ದಾಳೆ, ತಿರುಗಬಾರದು, ಚರ್ ಚರ್, ಕಿವಿಯೇ ಕಣ್ಣಾಗಬೇಕು, ಈ ತಿರುವು ಆಯಿತು, ಇನ್ನು ಎರಡು ತಿರುವು ಇಳಿದರೆ ಕಾರು ಕಾಣುತ್ತದೆ, ರಯ್ಯಾನ್ ಕಾಣುತ್ತಾನೆ, ಅಷ್ಟರಲ್ಲಿ ಹಿಂದಿನಿಂದ ಹಾಲಿನ ಟ್ಯಾಂಕರ್ ಗೇರ್ ಇಳಿಸಿಕೊಂಡು ಗುಡುಗುತ್ತ ಬಂತು, ಅದರ ಗಾಳಿ ಕೂದಲನ್ನೆಲ್ಲ ಮುಖಕ್ಕೆ ಎರಚಿತು, ಸದ್ದು ಎಲ್ಲವನ್ನೂ ನುಂಗಿತು, ದಾಟಿ ಹೋಯಿತು, ತಿರುವಿನಾಚೆ ಸದ್ದು ಸಣ್ಣದಾಯಿತು, ಆಮೇಲೆ ಕುರಿಯೊಂದು ಕೂಗಿತು, ಆಮೇಲೆ ಏನೂ ಇಲ್ಲ. ಹೆಜ್ಜೆ ಇಲ್ಲ. ಶೂ ಲೇಸು ಕಟ್ಟುತ್ತಿರಬೇಕು, ಉಸಿರು ತೆಗೆದುಕೊಳ್ಳುತ್ತಿರಬೇಕು, ತಿರುಗಬಾರದು, ತಿರುಗಿದರೆ ಬರುವುದಿಲ್ಲ ಅಂದಿದ್ದಾಳೆ, ಒಂದು, ಎರಡು, ಮೂರು, ಹೆಜ್ಜೆ ಇಲ್ಲ, ನಾಲ್ಕು, ನಿಶಾ ತಿರುಗಿದಳು.

ತಾರಾ ಬಿದ್ದಿರಲಿಲ್ಲ, ನಿಂತಿದ್ದಳು, ಕಣಿವೆಯ ಬದಿಯ ಬಿಳಿಗೆರೆಯ ಮೇಲೆ, ಒಂದು ಕಾಲು ರಸ್ತೆಯೊಳಗೆ, ಒಂದು ಕೈ ಎದೆಯ ಮಟ್ಟಕ್ಕೆ ಎತ್ತಿ ಅಲ್ಲೇ ಬಿಟ್ಟಿದ್ದಳು, ಬಾಟಲಿ ಕೆಳಗೆ ಬಿದ್ದಿತ್ತು, ಕಣ್ಣು ತೆರೆದೇ ಇತ್ತು, ಆದರೆ ಅದು ಯಾವುದನ್ನೂ ನೋಡುತ್ತಿರಲಿಲ್ಲ, ತುಟಿ ಏನನ್ನೋ ಮೆಲ್ಲುತ್ತಿತ್ತು, ಗಾಳಿಗೆ ಕೋಟು ಪಟಪಟ ಹೊಡೆದುಕೊಳ್ಳುತ್ತಿತ್ತು, ಗೂಟಕ್ಕೆ ನೇತುಹಾಕಿ ಮರೆತ ಕೋಟಿನಂತೆ, ಒಳಗೆ ಯಾರೂ ಇಲ್ಲದ ಕೋಟು, ಮೇಲಿನ ತಿರುವಿನಿಂದ ಇನ್ನೊಂದು ಗಾಡಿ ಬರುವ ಸದ್ದು, ಈ ಸಲ ನಿಶಾಳ ಕಾಲು ನಡೆಯಿತು, ಹೇಗೆ ನಡೆಯಿತೋ, ತೋಳು ಹಿಡಿದು, ಎಳೆಯದೆ, ಬಾ ತಾರಕ್ಕ, ಈ ಕಡೆ ಬಾ, ಎನ್ನುತ್ತ ರಸ್ತೆ ದಾಟಿಸಿ ಬಂಡೆಯ ಬದಿಗೆ ತಂದು ನಿಲ್ಲಿಸಿದಳು, ತಾರಾ ಬಂದಳು, ಹೇಳಿದಂತೆ ಕೇಳುವ ಮಗುವಿನಂತೆ ಬಂದಳು, ಪಿಕಪ್ ಗಾಡಿಯೊಂದು ಹಾರ್ನ್ ಹೊಡೆದು ಹೋಯಿತು, ನಿಶಾ ತೋಳು ಬಿಡದೆ ಎಣಿಸುತ್ತಿದ್ದಳು, ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು, ಕಣ್ಣೊಳಗೆ ಯಾರೋ ಬಂದು ನಿಂತ ಹಾಗಾಯಿತು, ತಾರಾ ರೆಪ್ಪೆ ಬಡಿದು ಅವಳನ್ನು ನೋಡಿ ಹುಬ್ಬು ಗಂಟಿಕ್ಕಿದಳು, ಹಿಂದ ತಿರುಗಬ್ಯಾಡ ಅಂದಿದ್ನಲ್ಲ. ಅವಳಿಗೆ ಗೊತ್ತಿಲ್ಲ, ಅವಳ ಪಾಲಿಗೆ ಆ ನಲವತ್ತು ಇರಲೇ ಇಲ್ಲ, ಹೇಳದೆ ಬಿಡಬಹುದು, ಈಗಲೂ ಹೇಳದೆ ಬಿಡಬಹುದು, ತಾರಕ್ಕ, ಈಗ ಬಂದಿತ್ತು, ಅಂದಳು ನಿಶಾ, ಸುಳ್ಳು, ಎಂದಳು ತಾರಾ, ಹೇಳುತ್ತಲೇ ಅವಳ ಕಣ್ಣು ರಸ್ತೆಯ ಆಚೆ ಬದಿಗೆ ಹೋಯಿತು, ಅಲ್ಲಿ ಬಿಳಿಗೆರೆಯ ಮೇಲೆ ಅವಳ ನೀರಿನ ಬಾಟಲಿ ಬಿದ್ದಿತ್ತು, ತನ್ನ ಖಾಲಿ ಕೈ ನೋಡಿಕೊಂಡಳು, ಬೆನ್ನಿಗೆ ತಾಗಿದ ಬಂಡೆಯನ್ನು ಮುಟ್ಟಿ ನೋಡಿದಳು, ಮತ್ತೆ ಬಾಟಲಿ, ಅಲ್ಲಿಂದ ಇಲ್ಲಿಗೆ ಹೆಂಗ ಬಂದೆ ನಾ, ಎಂದು ಕೇಳಿದ ದನಿ ತಾರಾಳದಲ್ಲ, ಹತ್ತು ವರ್ಷದ ಹುಡುಗಿಯದು, ಮೊಣಕಾಲು ಮಡಚಿ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟಳು, ನಿಶಾಳೂ ಕೂತಳು, ಯಾರೂ ಅಳಲಿಲ್ಲ.

ಈಗ ರಯ್ಯಾನ್ ಓಡಿಸುತ್ತಿದ್ದಾನೆ, ಮೂವತ್ತರ ಮೇಲೆ ಹೋಗುತ್ತಿಲ್ಲ, ಹಿಂದಿನವರಿಗೆಲ್ಲ ದಾರಿ ಬಿಟ್ಟುಕೊಡುತ್ತಿದ್ದಾನೆ, ಗುರುದತ್ ಫೋನ್ ಜೇಬಿನಲ್ಲಿಟ್ಟಿದ್ದಾನೆ, ಒಮ್ಮೆ ತಿರುಗಿ ಸಾರಿ ತಾರಾ ಅಂದ, ತಾರಾ ಪಕ್ಕದಲ್ಲಿದ್ದಾಳೆ, ಕಿಟಕಿಗೆ ಹಣೆ ಹಚ್ಚಿ, ನಾಳಿ ನಾನs ಡಾಕ್ಟರಿಗೆ ಫೋನ್ ಮಾಡ್ತೀನಿ, ನೀ ಜತಿಗೆ ಬಾ, ಎಂದಿದ್ದಾಳೆ, ಕ್ಷಮಿಸಿದ್ದಾಳೋ ಇಲ್ಲವೋ ಗೊತ್ತಿಲ್ಲ, ಕೈ ಮಾತ್ರ ಸೀಟಿನ ಮೇಲೆ ನಿಶಾಳ ಕೈಗೆ ಒಂದು ಬೆರಳಿನಷ್ಟು ದೂರದಲ್ಲಿದೆ, ವಿಮಾನ ಸಿಕ್ಕುತ್ತದೆ, ಸಿಕ್ಕದಿದ್ದರೆ ನಾಳೆಯದು ಸಿಕ್ಕುತ್ತದೆ, ಎಲ್ಲರೂ ಬದುಕಿದ್ದೇವೆ, ಕಾರು ಇಳಿಯುತ್ತಿದೆ, ಕೆಳಗೆ ಸಮುದ್ರ ಕಾಣುತ್ತಿದೆ, ಸೇಬಿನ ತೋಟಗಳು, ಭಯ ಹೋಗಬೇಕಿತ್ತು, ಹೋಗಿಲ್ಲ, ಡಾಕ್ಟರು ಏನು ಕೇಳುತ್ತಾರೆ, ಎಷ್ಟು ಹೊತ್ತಿತ್ತು ಎಂದು ಕೇಳುತ್ತಾರೆ, ನಲವತ್ತು ಎನ್ನುತ್ತೇನೆ, ಆದರೆ ಎಣಿಸಲು ಶುರು ಮಾಡಿದ್ದು ತಿರುಗಿದ ಮೇಲೆ, ತಿರುಗುವ ಮೊದಲು ಎಷ್ಟು ಹೊತ್ತು ಅವಳು ಹಾಗೆ, ಟ್ಯಾಂಕರ್ ದಾಟುವಾಗಲೇ ಅವಳು ಹಾಗೆ ನಿಂತಿದ್ದಳೇ, ಅಷ್ಟು ದೊಡ್ಡ ಚಕ್ರಗಳು, ಬಿಳಿಗೆರೆಯ ಮೇಲೆ, ಒಂದು ಕಾಲು ಒಳಗೆ, ನಾನು ಬೆನ್ನು ತಿರುಗಿಸಿ ನಡೆಯುತ್ತಲೇ ಇದ್ದೆ, ಬೇರೆ ಏನಾದರೂ ಯೋಚಿಸಬೇಕು, ಸೇಬಿನ ತೋಟ, ತಿರುವು, ಹಳದಿ ಕೋಟು, ಮನೆಗೆ ಫೋನ್ ಮಾಡಬೇಕು, ಅಮ್ಮನಿಗೆ ಏನು, ತಿರುವು, ಗಾಳಿಗೆ ಹೊಡೆದುಕೊಳ್ಳುವ ಕೋಟು, ರಯ್ಯಾನ್ ನಿಧಾನ, ಇನ್ನೊಂದು ತಿರುವು, ರಸ್ತೆಯಂಚಿನಲ್ಲಿ ನಿಂತ ಹಳದಿ ಕೋಟು, ಎತ್ತಿದ ಒಂದು ಕೈ, ಒಳಗೆ ಯಾರೂ ಇಲ್ಲ, ಹಳದಿ ಕೋಟು, ಒಳಗೆ ಯಾರೂ —